ಒಡ್ಡು ಮೆಟ್ಟಿದವಳು

ಹೊನ್ನಾವರದಲ್ಲಿ ನಾನು ಔಷಧದ ಅಂಗಡಿ ಇಟ್ಟು ಬಹಳ ವರ್ಷಗಳಾದವು. ಗಾಳಿ ಸೋಕಿತು, ಹುಣಸೆಮರದ ಬುಡದಲ್ಲಿ ಏನೋ ಕಂಡಿತು, ಸತ್ತ ಮಾವ ಕನಸಿನಲ್ಲಿ ಬಂದು ನೀರು ಕೇಳಿದರು ಎಂದುಕೊಂಡು ಬರುವವರಿಗೆ ನಮ್ಮಲ್ಲಿ ಬರವಿಲ್ಲ. ಅಂಥವರ ಕೈಗೆ ಗ್ಯಾಸಿನ ಗುಳಿಗೆ ಕೊಟ್ಟು, ‘ದೆವ್ವಕ್ಕೆ ಊಟದ ನಂತರ ಒಂದು, ನಿಮಗೆ ಊಟಕ್ಕೆ ಮೊದಲು ಒಂದು’ ಎಂದು ತಮಾಷೆ ಮಾಡಿ ಕಳಿಸುತ್ತಿದ್ದವಳು ನಾನು. ಅವರ ಬೆನ್ನ ಹಿಂದೆ ನಕ್ಕಿದ್ದೂ ಉಂಟು. ಈಗ ನನ್ನದೇ ಒಂದು ಕಥೆ ಹೇಳಲು ಕೂತಿದ್ದೇನೆ. ನಗುವವರು ನಗಲಿ, ನನ್ನ ಪಾಲಿಗೆ ಬಂದದ್ದು ನನಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ನಾನು ಏನನ್ನೂ ಕಂಡಿಲ್ಲ. ಕಂಡವರು ಬೇರೆಯವರು. ಅವರು ಕಂಡದ್ದು ನನ್ನನ್ನು.

ಹೊನ್ನಾವರದಿಂದ ಸೇತುವೆ ದಾಟಿ, ಕಾಸರಕೋಡ ಹಿಂದೆ ಬಿಟ್ಟು ಮುರ್ಡೇಶ್ವರದ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಎಡಕ್ಕೆ ಗುಡ್ಡದತ್ತ ಒಂದು ಮಣ್ಣುರಸ್ತೆ ಒಡೆಯುತ್ತದೆ. ಆ ರಸ್ತೆಯ ಕೊನೆಗೆ ನಮ್ಮ ಒಡ್ಡು. ಒಡ್ಡು ಎಂದರೆ ದೊಡ್ಡ ಅಣೆಕಟ್ಟೆಯನ್ನು ಕಲ್ಪಿಸಿಕೊಳ್ಳಬೇಡಿ. ಎರಡು ಗುಡ್ಡಗಳ ನಡುವೆ ಹಳ್ಳಕ್ಕೆ ಅಡ್ಡವಾಗಿ ಹಾಕಿದ ಮಣ್ಣಿನ ದಿಬ್ಬ, ಮೇಲೆ ಒಂದು ಎತ್ತಿನಗಾಡಿ ಹೋಗುವಷ್ಟು ಅಗಲ, ನಡುವೆ ಒಂದು ಕಲ್ಲಿನ ತೂಬು. ಬೇಸಿಗೆಯಲ್ಲಿ ಅದರ ಹೊಟ್ಟೆಯಲ್ಲಿ ಹನಿ ನೀರಿರುವುದಿಲ್ಲ, ಊರಿನ ಹುಡುಗರು ಕ್ರಿಕೆಟ್ ಆಡುತ್ತಾರೆ. ಮಳೆಗಾಲದಲ್ಲಿ ಮಾತ್ರ ಗುಡ್ಡದ ನೀರೆಲ್ಲ ಒಟ್ಟಿಗೆ ನುಗ್ಗಿ ಬರುವಾಗ ಅದನ್ನು ತಡೆದು ನಿಲ್ಲಿಸಿ, ತೂಬಿನಿಂದ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಅಷ್ಟೇ ಅದರ ಕೆಲಸ. ಅದಿಲ್ಲದಿದ್ದರೆ ಕೆಳಗಿನ ಕೇರಿಯ ಮನೆಗಳೂ ಭತ್ತದ ಸಸಿ ನೆಟ್ಟಿ ಮಾಡಿದ ಗದ್ದೆಗಳೂ ಒಂದೇ ಮಳೆಗೆ ಹಳ್ಳದ ಪಾಲು. ನನ್ನ ಅಜ್ಜ ಕಟ್ಟಿಸಿದ್ದು, ಅಪ್ಪ ನೋಡಿಕೊಂಡದ್ದು, ಒಬ್ಬಳೇ ಮಗಳಾದ ನನಗೆ ಬಂದದ್ದು. ಸರಕಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಣ್ಣಿನ ಒಡ್ಡು ಎಂದರೆ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದ ಹಾಗೆ, ವರ್ಷವೂ ಆರೈಕೆ ಬೇಕು. ಮಳೆಗೆ ಮೊದಲು ತಳದ ಜೇಡಿಮಣ್ಣನ್ನು ಎತ್ತಿ ಒಡ್ಡಿನ ಒಳಮೈಗೆ ಹಾಕಿ, ನೀರು ಚಿಮುಕಿಸಿ, ಕಾಲಿನಿಂದ ಮೆಟ್ಟಬೇಕು. ಇದಕ್ಕೆ ನಮ್ಮಲ್ಲಿ ‘ಒಡ್ಡು ಮೆಟ್ಟುವುದು’ ಎಂದೇ ಹೆಸರು. ಕೆಳಗಿನ ಕೇರಿಯ ಮನೆಗೊಬ್ಬ ಹೆಂಗಸು ಬರುತ್ತಾಳೆ. ಸಾಲಾಗಿ ನಿಂತು, ಒಬ್ಬರ ಸೊಂಟ ಒಬ್ಬರು ಹಿಡಿದು, ಹಾಡುತ್ತ ಮೆಟ್ಟುತ್ತಾರೆ. ಒಬ್ಬಳು ‘ಯಾರ ಹೆಜ್ಜೆ ಬಿತ್ತು, ಒಡ್ಡಿನ ಮೇಲೆ?’ ಎಂದು ಎತ್ತಿಕೊಟ್ಟರೆ ಸಾಲಿನಲ್ಲಿದ್ದವರು ಸರದಿಯ ಮೇಲೆ ತಮ್ಮ ಹೆಸರು ಹೇಳಿ ‘ನನ್ನ ಹೆಜ್ಜೆ’ ಎನ್ನಬೇಕು. ಹೆಸರು ಹೇಳದವಳ ಹೆಜ್ಜೆ ಮಣ್ಣಿಗೆ ಹತ್ತುವುದಿಲ್ಲ ಎಂದು ಅವರ ನಂಬಿಕೆ.

ಇನ್ನೊಂದು ಕಟ್ಟಳೆಯಿದೆ, ಅದು ಅಜ್ಜ ಮಾಡಿದ್ದು. ಒಡೆಯರ ಮನೆಯವರ ಹೆಜ್ಜೆ ಮೊದಲು ಬೀಳದೆ ಒಡ್ಡಿನ ಮಣ್ಣಿಗೆ ಯಾರೂ ಕೈ ಹಚ್ಚುವ ಹಾಗಿಲ್ಲ. ಯಾರೋ ಹಚ್ಚಿ, ಮುಂದೆ ಒಡ್ಡು ಒಡೆದರೆ ಕೇರಿಯ ಪಾಪವೆಲ್ಲ ಅವರ ತಲೆಗೆ ಬರುತ್ತದಲ್ಲ, ಅದಕ್ಕೆ. ಅಪ್ಪ ಇರುವವರೆಗೂ ಪಂಚೆ ಎತ್ತಿ ಕಟ್ಟಿ ತಾವೇ ಮೊದಲು ಇಳಿಯುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವರ ಹೆಗಲಿನಿಂದ ಇಳಿದು ಕೆಸರಿನಲ್ಲಿ ಕುಣಿದದ್ದಿದೆಯಂತೆ, ನನಗೆ ನೆನಪಿಲ್ಲ. ನನ್ನ ಕಾಲ ಬಂದ ಮೇಲೆ ನಾನು ಕೊಡೆ ಹಿಡಿದು ಹೋಗಿ, ಚಪ್ಪಲಿಯ ತುದಿಯಿಂದ ಮಣ್ಣನ್ನು ಒಂದು ಸಲ ಒತ್ತಿ, ‘ಹ್ಞೂಂ, ಆತು’ ಎಂದು ದಂಡೆಯ ಮೇಲೆ ಹೋಗಿ ನಿಲ್ಲುತ್ತಿದ್ದೆ. ಹಿಮ್ಮಡಿ ಒಡೆದಿದೆ ಎಂಬುದು ನನ್ನ ನೆಪ. ಅವಲಕ್ಕಿ, ಬೆಲ್ಲ, ಚಾ ಎಲ್ಲ ಧಾರಾಳ ಮಾಡಿಸುತ್ತಿದ್ದೆ. ಅವರು ನನ್ನನ್ನು ‘ಅಮಾ’ ಎನ್ನುತ್ತಿದ್ದರು. ಅದರಲ್ಲಿ ಗೌರವವಿತ್ತು, ಸಲಿಗೆ ಇರಲಿಲ್ಲ. ನನಗೂ ಸಲಿಗೆ ಬೇಕಿರಲಿಲ್ಲ.

ಆ ವರ್ಷ ನಾನು ಒಡ್ಡು ಮೆಟ್ಟಿಸಲಿಲ್ಲ. ಕಾರಣ ಹೇಳಲು ಈಗಲೂ ಮುಖ ಎತ್ತಲಾಗುವುದಿಲ್ಲ. ಒಡ್ಡನ್ನೂ ಅದರ ಹಿಂದಿನ ಜಾಗವನ್ನೂ ಕುಮಟೆಯ ಕಂತ್ರಾಟುದಾರರೊಬ್ಬರಿಗೆ ಮಾರುವ ಮಾತಾಗಿತ್ತು. ಅವರಿಗೆ ಅಲ್ಲಿ ಪ್ರವಾಸಿಗರ ಬಂಗಲೆ ಎಬ್ಬಿಸುವ ಯೋಚನೆ. ಒಡ್ಡನ್ನು ಅಗೆದು ಆ ಮಣ್ಣಿನಲ್ಲಿ ದಾರಿ ಮಾಡುತ್ತೇವೆ ಎಂದು ನನ್ನ ಎದುರೇ ಹೇಳಿದ್ದರು. ನೀರಿಗೆ ಬೇರೆ ಕಾಲುವೆ ಮಾಡುತ್ತೀರಲ್ಲ ಎಂದು ನಾನು ಕೇಳಿದೆ, ಮಾಡುವ ಎಂದರು. ಆ ‘ಮಾಡುವ’ ಎಷ್ಟರದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದೆ. ಮಾರುವ ಒಡ್ಡಿಗೆ ಮಣ್ಣು ಯಾಕೆ ಎಂದುಕೊಂಡೆ.

ಕೇರಿಯ ಗಣಪಿ ಅಂಗಡಿಗೇ ಬಂದಳು. ಮೆಟ್ಟುವ ಸಾಲಿನಲ್ಲಿ ಹಾಡು ಎತ್ತುವವಳು ಅವಳೇ, ನನ್ನ ಅಮ್ಮನ ವಯಸ್ಸು. ಮಂಡಿನೋವಿನ ಎಣ್ಣೆ ಕೊಂಡು, ಹೋಗುವಾಗ ಎಂಬಂತೆ ಕೇಳಿದಳು.

“ಅಮಾ, ಮಳೆ ಹತ್ರ ಬಂತು. ಒಡ್ಡು ಯಾವಾಗ ಮೆಟ್ಟೂದು?”

“ನೋಡುವ ಗಣಪಿ. ಈ ವರ್ಷ ಮಳೆ ಕಡಿಮೆ ಅಂತೆ.”

“ಮಳೆಗೆ ಅದು ಗೊತ್ತುಂಟಾ?” ಎಂದು ನಕ್ಕಳು. ನಾನೂ ನಕ್ಕೆ. ಮಾತು ಅಲ್ಲಿಗೆ ಮುಗಿಯಿತು.

ಕಾಗದಪತ್ರಕ್ಕೆ ಸಹಿ ಹಾಕಲೆಂದು ನಾನು ಕುಮಟೆಗೆ ಹೋದ ದಿನ ಬೆಳಗಿನಿಂದಲೇ ಆಕಾಶ ತೂತಾದಂತೆ ಮಳೆ. ಕಂತ್ರಾಟುದಾರರ ಕಚೇರಿಯಲ್ಲಿ ಕರೆಂಟು ಇರಲಿಲ್ಲ, ಕಂಪ್ಯೂಟರು ಸತ್ತು ಬಿದ್ದಿತ್ತು. ಊಟದ ನಂತರ ಬನ್ನಿ ಎಂದರು. ಅಲ್ಲಿ ಕೂತಿದ್ದಾಗಲೇ ಗಣಪಿಯ ಸೊಸೆ ಲಲಿತಾಳ ಫೋನು ಬಂತು. ಈ ಮಳೆಯಲ್ಲಿ ಅವಳು ಯಾಕೆ ಫೋನು ಮಾಡುತ್ತಾಳೆ ಎಂದು ಊಹಿಸಲು ಜಾಣತನ ಬೇಕಿರಲಿಲ್ಲ. ಆದರೆ ಎದುರಿಗೆ ಆ ಮನುಷ್ಯ ಕೂತಿದ್ದರು, ಸಹಿಗೆಂದು ತೆಗೆದ ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ಫೋನನ್ನು ಮಗುಚಿ ಇಟ್ಟೆ. ಮತ್ತೊಮ್ಮೆ ಬಂತು, ಮತ್ತೆಯೂ ತೆಗೆಯಲಿಲ್ಲ.

ಅಲ್ಲಿಂದ ಎದ್ದು, ಅಲ್ಲೇ ಪೇಟೆಯಲ್ಲಿರುವ ಚಿಕ್ಕಪ್ಪನ ಮಗಳು ವೀಣಾಳ ಮನೆಗೆ ಊಟಕ್ಕೆ ಹೋದೆ. ಉಣ್ಣುವಷ್ಟರಲ್ಲಿ ಅವಳ ಗಂಡ ಸುದ್ದಿ ತಂದರು, ಹೊನ್ನಾವರದ ದಾರಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದೆ, ರೈಲೂ ನಿಂತಿದೆ ಎಂದು. ಈಗ ನನಗೆ ಹೆದರಿಕೆಯಾಯಿತು. ಲಲಿತಾಳಿಗೆ ನಾನೇ ಫೋನು ಹಚ್ಚಿದೆ, ಹತ್ತಲಿಲ್ಲ. ನೆಟ್‌ವರ್ಕು ಹೋಗಿತ್ತು. ಹೋಗಲು ದಾರಿಯಿಲ್ಲ, ಮಾತಾಡಲು ಫೋನಿಲ್ಲ. ವೀಣಾಳ ಜಗಲಿಯ ಆರಾಮಕುರ್ಚಿಯಲ್ಲಿ ಕೂತು ಮಳೆ ನೋಡುತ್ತಿದ್ದವಳಿಗೆ ಎಲ್ಲಿಲ್ಲದ ನಿದ್ದೆ ಬಂತು. ಚಿಂತೆಯಲ್ಲಿರುವವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ನನಗೆ ಬಂತು, ಕಲ್ಲಿನಂಥ ನಿದ್ದೆ. ಎಚ್ಚರಾದಾಗ ದೀಪ ಹಚ್ಚುವ ಹೊತ್ತು.

“ಎಂತಾ ನಿದ್ದೆಯೇ ನಿಂದು!” ಎಂದಳು ವೀಣಾ. “ಎರಡು ಸಲ ಅಲ್ಲಾಡಿಸಿದೆ, ಏಳಲಿಲ್ಲ. ಕಾಲು ಮಾತ್ರ ಒಂದೇ ಸಮ ಆಡ್ತಾ ಇತ್ತು, ಹೊಲಿಗೆ ಮಶೀನ್ ತುಳಿದ ಹಾಂಗೆ.”

ನಿದ್ದೆಯಲ್ಲಿ ಕಾಲು ಆಡುವುದು ಒಂದು ಕಾಯಿಲೆ. ಅದಕ್ಕೆ ಗುಳಿಗೆಯಿದೆ, ನಾನೇ ಮಾರುತ್ತೇನೆ. ಹಾಗೆಂದೇ ಅವಳಿಗೆ ಹೇಳಿದೆ. ಮೈಯೆಲ್ಲ ನುಗ್ಗಾಗಿತ್ತು, ಮೀನಖಂಡ ಹಿಡಿದುಕೊಂಡಿತ್ತು. ಆದರೆ ಪಾದದಲ್ಲಿ ಕೆಸರಿರಲಿಲ್ಲ. ಇದ್ದಿದ್ದರೆ ಕಥೆಗೆ ಕಳೆ ಬರುತ್ತಿತ್ತು, ಇಲ್ಲದ್ದನ್ನು ಹೇಗೆ ಹೇಳಲಿ?

ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದು ಬದಿಯ ರಸ್ತೆ ಬಿಟ್ಟರು. ಅಂಗಡಿಯನ್ನೂ ಮನೆಯನ್ನೂ ನೋಡದೆ ನೇರ ಒಡ್ಡಿನ ಕಡೆಗೇ ರಿಕ್ಷಾ ಹೊಡೆಸಿದೆ. ದಾರಿಯುದ್ದಕ್ಕೂ ಕಣ್ಣೆದುರು ಬಂದದ್ದು ಕೊಚ್ಚಿಹೋದ ಮನೆಗಳೇ. ದೇವರಿಗೆ ಹರಕೆ ಹೊತ್ತೆ. ನಂಬದವರ ಹರಕೆ ಅವನಿಗೆ ಮುಟ್ಟುತ್ತದೆಯೋ ಇಲ್ಲವೋ!

ಕೇರಿ ಇದ್ದ ಹಾಗೇ ಇತ್ತು. ಗದ್ದೆಯಲ್ಲಿ ನೀರು ತುಂಬಿತ್ತು, ನೆಟ್ಟಿ ಹಾಳಾಗಿರಲಿಲ್ಲ. ಬೇಲಿಯ ಮೇಲೆ ಬಸಳೆ ಕೂಡ ಹಬ್ಬಿದ ಹಾಗೇ ಇತ್ತು. ಒಡ್ಡು ನಿಂತಿತ್ತು. ತೂಬಿನ ಎಡಕ್ಕೆ ಒಂದು ಜಾಗದಲ್ಲಿ ಹುಲ್ಲಿನ ಸೂಡಿ, ಮಣ್ಣಿನ ಚೀಲ ತುಂಬಿ, ಮೇಲೆ ಜೇಡಿ ಹಾಕಿ ಮೆಟ್ಟಿದ್ದು ಕಾಣುತ್ತಿತ್ತು. ಹಸಿಮಣ್ಣಿನಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ. ನಾನು ಬಂದದ್ದು ಕಂಡು ಗಣಪಿ ಅಂಗಳದಿಂದಲೇ ಕೂಗಿದಳು.

“ಬಂದ್ಯೇನೇ? ನಿನ್ನೆ ಚಾ ಸಹ ಕುಡೀದೆ ಎಲ್ಲಿಗೆ ಓಡಿದ್ದು?”

ನನ್ನ ಕಿವಿಗೆ ಮೊದಲು ಬಡಿದದ್ದು ಆ ‘ಬಂದ್ಯೇನೇ’. ಗಣಪಿ ನನಗೆ ಎಂದೂ ಏಕವಚನ ಹಚ್ಚಿದವಳಲ್ಲ. ಫೋನು ತೆಗೆಯದ್ದಕ್ಕೆ ಸಿಟ್ಟಿನಲ್ಲಿ ಚುಚ್ಚುತ್ತಿದ್ದಾಳೆ, ಚುಚ್ಚಲಿ ಎಂದುಕೊಂಡೆ.

“ನಿನ್ನೆ ನಾನು ಕುಮಟೆಯಲ್ಲಿ ಸಿಕ್ಕಿಬಿದ್ದೆ ಗಣಪಿ. ಗುಡ್ಡ ಕುಸಿದು…”

“ಹೌದು, ಹೇಳಿದ್ಯಲ್ಲ, ಕುಮಟೆಗೆ ಹೋಗಿದ್ದೆ ಅಂತ. ಹೋಗಿ ಬಂದ್ಯಲ್ಲ, ಸಾಕು” ಎಂದಳು. ಒಳಗಿಂದ ಲಲಿತಾ ಬಿಸಿನೀರಿನ ತಂಬಿಗೆ ತಂದು ನನ್ನ ಕಾಲಿಗೆ ಹೊಯ್ದಳು. ಆ ಕೇರಿಯಲ್ಲಿ ಕಾಲಿಗೆ ಬಿಸಿನೀರು ಹೊಯ್ಯುವುದು ಬಾಣಂತನಕ್ಕೆ ಬಂದ ಮನೆಮಗಳಿಗೆ.

ನಂತರ ಎಲ್ಲರೂ ಒಟ್ಟಿಗೆ ಹೇಳಿದ್ದನ್ನು ಬಿಡಿಸಿ ಬರೆಯುತ್ತೇನೆ. ತೂಬಿನ ಪಕ್ಕ ಒಡ್ಡಿನ ಬುಡದಿಂದ ಕೆಂಪುನೀರು ಒಸರುವುದನ್ನು ಅವರು ಮಧ್ಯಾಹ್ನಕ್ಕೆ ಮೊದಲೇ ನೋಡಿದ್ದರು. ತಿಳಿನೀರು ಒಸರಿದರೆ ಭಯವಿಲ್ಲ, ಕೆಂಪುನೀರು ಬಂದರೆ ಒಡ್ಡು ಒಳಗೇ ಕರಗುತ್ತಿದೆ ಎಂದು ಅರ್ಥ. ನನಗೆ ಫೋನು ಮಾಡಿದರು, ನಾನು ತೆಗೆಯಲಿಲ್ಲ. ಒಡೆಯರ ಹೆಜ್ಜೆ ಬೀಳದೆ ಮಣ್ಣಿಗೆ ಕೈ ಹಚ್ಚುವಂತಿಲ್ಲ. ಗುದ್ದಲಿ ಹಿಡಿದುಕೊಂಡು, ಹುಲ್ಲುಸೂಡಿ ಹೊತ್ತುಕೊಂಡು, ಒಡ್ಡಿನ ಕೆಳಗೆ ಸುಮ್ಮನೆ ನಿಂತಿದ್ದರಂತೆ! ಮುದುಕರನ್ನೂ ಮಕ್ಕಳನ್ನೂ ದನಗಳನ್ನೂ ಶಾಲೆಯ ಗುಡ್ಡಕ್ಕೆ ಹತ್ತಿಸುವುದೋ ಎಂದು ಮಾತಾಡುತ್ತಿದ್ದಾಗ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ಮೇಲಿನ ಕಾಲುದಾರಿಯಿಂದ, ಊರು ಕಾಯುವ ಜಟಗನ ಕಲ್ಲಿನ ಕಡೆಯಿಂದ, ನಾನು ಇಳಿದು ಬಂದೆನಂತೆ. ಕೊಡೆಯಿರಲಿಲ್ಲ. ಚಪ್ಪಲಿಯಿರಲಿಲ್ಲ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದೆ. ‘ಎಂತ ನೋಡ್ತಾ ನಿಂತದ್ದು, ಬನ್ನಿ’ ಎಂದು ಎಲ್ಲರಿಗಿಂತ ಮೊದಲು ಒಡ್ಡಿಗೆ ಹೆಜ್ಜೆಯಿಟ್ಟು ನೀರಿಗೆ ಇಳಿದೆ. ಗಂಡಸರು ಚೀಲ ತುಂಬಿದರು, ಹೆಂಗಸರು ಮೆಟ್ಟಿದರು. ನಾನು ಸಾಲಿನ ನಡುವೆ, ಗಣಪಿಯ ಹಿಂದೆ, ಅವಳ ಸೊಂಟ ಹಿಡಿದು ಮೆಟ್ಟಿದೆ.

“ಹಾಡಿನಲ್ಲಿ ನಿನ್ನ ಸರದಿ ಬಂತು” ಎಂದಳು ಗಣಪಿ. “ನಾ ಹೇಳ್ದೆ, ‘ಅಮಾ, ನೀವ್ ಹೇಳೂದು ಬೇಡ’ ಅಂತ. ನೀ ಕೇಳ್ಲಿಲ್ಲ. ಎಂತ ಹೇಳ್ದೆ ಗೊತ್ತುಂಟಾ? ‘ಅಬ್ಬಲಿ. ನನ್ನ ಹೆಜ್ಜೆ’ ಅಂದೆ.”

ಅಬ್ಬಲಿ ಎಂದರೆ ಕನಕಾಂಬರ, ನನ್ನ ಮುದ್ದಿನ ಹೆಸರು. ಅಪ್ಪ ಕರೆಯುತ್ತಿದ್ದುದು. ಅಪ್ಪ ಹೋದ ಮೇಲೆ ಆ ಹೆಸರನ್ನು ಯಾರೂ ಎತ್ತಿಲ್ಲ, ನನ್ನ ಗಂಡನಿಗೂ ಗೊತ್ತಿಲ್ಲ. ಗಣಪಿ ಹಿಂದೆಂದೋ ಒಡ್ಡಿನ ಮೇಲೆ ಅಪ್ಪನ ಬಾಯಲ್ಲಿ ಕೇಳಿರಬಹುದು. ಇರಬಹುದು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೆಲಸ ಮುಗಿದ ಮೇಲೆ ಯಾರೋ ಒಬ್ಬರು ಕೇಳಿದರಂತೆ, ಅಮಾ, ನೀವು ಒಡ್ಡು ಮಾರುತ್ತೀರಿ ಎಂದು ಪೇಟೆಯಲ್ಲಿ ಸುದ್ದಿಯಿದೆ, ಹೌದೋ ಎಂದು. ನಾನು ಬಗ್ಗಿ ಒಂದು ಹಿಡಿ ಹಸಿಮಣ್ಣು ತೆಗೆದು ಗಣಪಿಯ ಕೈಯಲ್ಲಿಟ್ಟು, ‘ನಾನಿರುವ ತನಕ ಇದು ಎಲ್ಲಿಗೂ ಹೋಗುವುದಿಲ್ಲ’ ಎಂದು ಮಣ್ಣು ಮುಟ್ಟಿ ಹೇಳಿದೆನಂತೆ. ಆಮೇಲೆ ‘ನನ್ನನ್ನು ಅಮಾ ಅನ್ನಬೇಡಿ’ ಎಂದೂ ಹೇಳಿ, ಚಾ ಕಾಯಿಸುವಷ್ಟರಲ್ಲಿ ಬಂದ ದಾರಿಯಲ್ಲೇ ಹತ್ತಿ ಹೋದೆನಂತೆ. ಆ ಮಣ್ಣನ್ನು ಗಣಪಿ ತುಳಸಿಕಟ್ಟೆಯಲ್ಲಿ ಹಾಕಿದ್ದಳು. ನನ್ನನ್ನು ಕರೆದು ತೋರಿಸಿದಳು.

ನಾನು ಸತ್ಯ ಹೇಳಿದೆ. ಓದುಗರು ಇದನ್ನಾದರೂ ನಂಬಬೇಕು. ನಾನು ಬರಲಿಲ್ಲ, ಕುಮಟೆಯಲ್ಲಿ ನಿದ್ದೆ ಹೊಡೆಯುತ್ತಿದ್ದೆ, ವೀಣಾಳನ್ನು ಕೇಳಿ ಎಂದೆ. ಎಲ್ಲರೂ ಹೋ ಎಂದು ನಕ್ಕರು. “ಮಾಡಿದ್ದು ಹೇಳ್ಕಳ್ಳೂಕೆ ಇವ್ಳಿಗೆ ನಾಚ್ಕೆ” ಎಂದರು. ಲಲಿತಾ ತನ್ನ ಮೊಬೈಲು ತೆಗೆದು ಒಂದು ಚಿಕ್ಕ ವಿಡಿಯೋ ತೋರಿಸಿದಳು. ಮಳೆ, ಗಾಳಿಯ ಸದ್ದು, ಸಾಲಾಗಿ ಮೆಟ್ಟುವ ಹೆಂಗಸರ ಬೆನ್ನು. “ಇಗಾ, ನೀವು” ಎಂದು ನಡುವಿನ ಒಂದು ಬೆನ್ನಿನ ಮೇಲೆ ಬೆರಳಿಟ್ಟಳು. ಸೀರೆಯ ಬಣ್ಣ ತಿಳಿಯುತ್ತಿರಲಿಲ್ಲ, ಎಲ್ಲರದೂ ಒಂದೇ ಕೆಸರಿನ ಬಣ್ಣ. ಅದು ನನ್ನ ಬೆನ್ನು ಹೌದೋ ಅಲ್ಲವೋ? ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ನಾನು ಎಷ್ಟೋ ಜನರಿಗೆ ಆಡಿದ್ದೇನೆ. ಆ ದಿನ ಆ ಗಾದೆ ನನ್ನ ಕಣ್ಣೆದುರೇ ಆಡುತ್ತಿತ್ತು. ನೋಡಿ ನೋಡಿ ಕಣ್ಣು ಮಂಜಾಯಿತೇ ಹೊರತು ಗೊತ್ತಾಗಲಿಲ್ಲ.

ಒಂದು ವಾರದ ನಂತರ ಕಂತ್ರಾಟುದಾರರ ಫೋನು ಬಂತು. ಸಹಿಗೆ ಯಾವಾಗ ಬರುತ್ತೀರಿ ಎಂದರು. ಬರುವುದಿಲ್ಲ ಎಂದೆ. ಕಾರಣ ಕೇಳಿದರೆ ಏನು ಹೇಳಲಿ? ಮಾತು ಕೊಟ್ಟಾಗಿದೆ ಎಂದೆ. ಯಾರಿಗೆ ಎಂದರು. ಫೋನು ಇಟ್ಟೆ.

ಒಳ್ಳೆಯತನದಿಂದ ನಾನು ಒಡ್ಡು ಉಳಿಸಿಕೊಂಡೆ ಎಂದು ಯಾರೂ ತಿಳಿಯಬಾರದು. ಹೆದರಿಕೆಯಿಂದ ಉಳಿಸಿಕೊಂಡೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಿಂದ. ತುಳಸಿಕಟ್ಟೆಯಲ್ಲಿ ನನ್ನ ಮಾತು ಎಂದು ಒಂದು ಹಿಡಿ ಮಣ್ಣು ಕೂತಿರುವಾಗ ನಾನು ಹೇಗೆ ಸಹಿ ಹಾಕಲಿ? ಆ ಮಾತು ನನ್ನದಲ್ಲ. ನನ್ನದಾಗಿದ್ದರೆ ಮುರಿಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲವೋ ಏನೋ. ಇಷ್ಟು ಸಾಲದೆಂಬಂತೆ ಮುಂದಿನ ಚಳಿಗಾಲ ಊರವರು ಶಾಲೆಯ ಅಂಗಳದಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ ಶಾಲು ಹೊದೆಸಿದರು. ಬೇಡ ಬೇಡ ಎಂದೆ. ಬೇಡ ಅಂದಷ್ಟೂ ಚಪ್ಪಾಳೆ ಹೆಚ್ಚಾಯಿತು. ಹೊದ್ದುಕೊಂಡು ಕೂತೆ, ಫೋಟೋಕ್ಕೆ ನಗುವನ್ನೂ ಕೊಟ್ಟೆ. ಆ ಶಾಲು ಕಪಾಟಿನ ಅಡಿಯಲ್ಲಿದೆ, ಇವತ್ತಿಗೂ ಬಿಚ್ಚಿ ನೋಡಿಲ್ಲ. ಕದ್ದ ಮಾಲಿನ ಹಾಗೆ ಇಟ್ಟುಕೊಂಡಿದ್ದೇನೆ.

ವೈದ್ಯರೊಬ್ಬರಲ್ಲಿ ಇದನ್ನು ಹೇಳಿದೆ. ಹೆದರಿದ ಜನ ತಮಗೆ ಬೇಕಾದವರನ್ನು ಕಾಣುತ್ತಾರೆ, ಯಾರೋ ಬೇರೆ ಹೆಂಗಸು ಬಂದಿರಬೇಕು ಎಂದರು. ಇರಬಹುದು. ಹಾಗಾದರೆ ಆ ಹೆಂಗಸು ಯಾರು? ಆ ದಿನ ಬಂದವಳು ನಾನು ಎಂದು ಸುತ್ತಲಿನ ಊರಿನವರಾರೂ ಹೇಳಿಲ್ಲ. ಕಟ್ಟಳೆಯಿಂದ ತಪ್ಪಿಸಿಕೊಳ್ಳಲು ಕೇರಿಯವರೇ ಈ ಕಥೆ ಕಟ್ಟಿದರೋ ಎಂದೂ ಒಮ್ಮೆ ಅನುಮಾನಪಟ್ಟೆ. ಹಾಗೆ ಅನುಮಾನಪಟ್ಟ ದಿನ ಲಲಿತಾ ನಮ್ಮ ಮನೆಗೆ ಬಸಳೆಸೊಪ್ಪು ಕೊಡಲು ಬಂದಿದ್ದಳು. ಅವಳ ಮುಖ ನೋಡಲಾಗಲಿಲ್ಲ.

ಈಗ ಪ್ರತಿವರ್ಷ ನಾನೇ ಒಡ್ಡು ಮೆಟ್ಟುತ್ತೇನೆ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಸಾಲಿನ ನಡುವೆ. ಮೊದಲ ವರ್ಷ ಎರಡು ಸಲ ಜಾರಿ ಬಿದ್ದೆ. “ಆ ದಿನ ಎಷ್ಟು ಚೆಂದ ಮೆಟ್ಟಿದ್ದೆ, ಈಗ ಎಂತ ಆತು ನಿಂಗೆ?” ಎಂದು ಗಣಪಿ ಎಲ್ಲರೆದುರು ಬೈದಳು. ವಯಸ್ಸಾಯಿತು ಎಂದೆ. ನನ್ನ ಸರದಿ ಬಂದಾಗ ಅಂಗಡಿಯ ಬೋರ್ಡಿನ ಮೇಲಿರುವ ನನ್ನ ದೊಡ್ಡ ಹೆಸರನ್ನು ಹೇಳುತ್ತೇನೆ. ಅದು ಹಾಡಿನ ಧಾಟಿಗೆ ಕೂಡುವುದೇ ಇಲ್ಲ, ಹುಡುಗಿಯರು ಕಿಸಕ್ಕೆಂದು ನಗುತ್ತಾರೆ.

ಈ ವರ್ಷ ಗಣಪಿಗೆ ಮೆಟ್ಟಲು ಆಗಲಿಲ್ಲ, ಮಂಡಿ ಕೈಕೊಟ್ಟಿದೆ. ದಂಡೆಯ ಮೇಲೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ, ನನ್ನದೇ ಕೊಡೆ ಹಿಡಿದು ಕೂತಿದ್ದಳು. ನಮ್ಮ ಸಾಲಿನ ಸರದಿ ಮುಗಿಸಿ ನಾನು ಹತ್ತಿ ಬಂದು ಅವಳ ಪಕ್ಕ ಕುಸಿದೆ. ಮೊಣಕಾಲವರೆಗೆ ಕೆಸರು. ಅವಳು ನನ್ನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹಿಮ್ಮಡಿಯ ಒಡಕಿನಲ್ಲಿ ಕೂತ ಮಣ್ಣನ್ನು ಉಗುರಿನಿಂದ ತೆಗೆಯುತ್ತ, ಯಾರಿಗೂ ಕೇಳದ ಹಾಗೆ ಹೇಳಿದಳು.

“ಇನ್ನು ಅವ್ಳು ಬರೂದು ಬೇಡ. ನೀ ಬಂದ್ಯಲ್ಲ.”

ಹೇಳಿ ನನ್ನ ಇನ್ನೊಂದು ಪಾದವನ್ನೂ ಮಡಿಲಿಗೆ ಎಳೆದುಕೊಂಡಳು. ಕೆಳಗೆ ಇನ್ನೊಂದು ಸಾಲು ಇಳಿದಿತ್ತು, ಲಲಿತಾ ಹಾಡು ಎತ್ತಿದ್ದಳು. ‘ಹೋಗು, ಒಮ್ಮೆಯಾದರೂ ಸರಿಯಾದ ಹೆಸರು ಹೇಳಿ ಬಾ’ ಎಂಬಂತೆ ಗಣಪಿ ನನ್ನ ಭುಜ ನೂಕಿದಳು. ಹೋದೆ. ಸಾಲಿಗೆ ಸೇರಿದೆ. ಸರದಿ ನನ್ನ ಬಳಿ ಬಂದಾಗ ಬಾಯಿ ತೆರೆದೆ, ಅಬ್ಬಲಿ ಎನ್ನಲು ನಾಲಿಗೆ ಏಳಲಿಲ್ಲ. ಅಪ್ಪ ನನಗೆ ಇಟ್ಟ ಹೆಸರೇ ಅದು. ಆದರೆ ಆ ಹೆಸರಿನಲ್ಲಿ ಯಾರೋ ಬಂದು, ನಾನು ಮಾಡಬೇಕಾದದ್ದನ್ನು ಮಾಡಿ, ಚಾ ಕೂಡ ಕುಡಿಯದೆ ಹೋಗಿದ್ದಾಳೆ. ಅವಳನ್ನು ಕೇಳದೆ ಅದನ್ನು ಹೇಗೆ ಹೇಳಲಿ?